ಎಂಟೂ ಕಡೆಯಿಂದ ಬಿಚ್ಚುವ ಬಟ್ಟೆ

2022ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಏಡ್ಸ್ ಮೆಮೋರಿಯಲ್ ಕ್ವಿಲ್ಟ್ ಹಾಸುತ್ತಾರೆ ಅಂತ ಗೊತ್ತಾಗಿ ಬೆಳಿಗ್ಗೆಯೇ ಹೋದೆ. ಹುಲ್ಲಿನ ತುಂಬಾ ಬಟ್ಟೆ, ಸುಮಾರು 3,000 ತುಂಡು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಒಬ್ಬರನ್ನು ಹೂಳಲು ಬೇಕಾಗುವಷ್ಟೇ ಜಾಗ, ಬೇಕಂತಲೇ ಇಟ್ಟ ಅಳತೆ. ಏಡ್ಸ್‌ನಿಂದ ಸತ್ತವರ ಅಮ್ಮಂದಿರು, ಗೆಳೆಯರು, ಸಂಗಾತಿಗಳು ಕೂತು ಹೊಲಿದದ್ದು. ಎಷ್ಟೋ ಕಡೆ ಅವರು ಹಾಕುತ್ತಿದ್ದ ಅಂಗಿ, ಜೀನ್ಸೇ ಇವೆ. ನಮ್ಮ ಕೌದಿ ಇದ್ದ ಹಾಗೇ, ಆದರೆ ಇಲ್ಲಿ ತುಂಡಿಗೊಂದು ಹೆಸರು.

ಇದನ್ನು ಶುರು ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಹೋರಾಟಗಾರ ಕ್ಲೀವ್ ಜೋನ್ಸ್. 1985ರ ಒಂದು ಮೆರವಣಿಗೆಯಲ್ಲಿ ಜನ ಸತ್ತವರ ಹೆಸರು ಬರೆದ ರಟ್ಟುಗಳನ್ನು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದ್ದರು, ಅದನ್ನು ನೋಡಿಯೇ ಈ ಯೋಚನೆ ಬಂದದ್ದು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಮೊದಲ ಸಲ 1,920 ತುಂಡು ಹಾಸಿದರು. ಈಗ ಸುಮಾರು 50,000 ಇವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಚ್ಚುವ ರೀತಿ. 8 ತುಂಡು ಸೇರಿಸಿದ 12 ಅಡಿ ಚೌಕದ ಸುತ್ತ ಬಿಳಿ ಬಟ್ಟೆಯವರು ನಿಂತು, ಸರದಿಯಂತೆ ಮಡಿಕೆ ತೆಗೆದು, ಕೊನೆಗೆ ಎಲ್ಲರೂ ಒಟ್ಟಿಗೆ ಎತ್ತಿ, ಸ್ವಲ್ಪ ತಿರುಗಿಸಿ ನೆಲಕ್ಕಿಡುತ್ತಾರೆ. ಯಾರೂ ಮಾತಾಡುವುದಿಲ್ಲ. ಮೈಕಿನಲ್ಲಿ ಹೆಸರುಗಳು ಬರುತ್ತಲೇ ಇರುತ್ತವೆ. ಓದುತ್ತಿದ್ದ ಒಬ್ಬ ಹೆಂಗಸು ತನ್ನ ಪಟ್ಟಿ ಮುಗಿಸಿ "ಇನ್ನು ನನ್ನ ತಮ್ಮ" ಅಂತ ಅವನ ಹೆಸರು ಹೇಳಿದರು. ದನಿ ನಡುಗಿತು, ಆದರೆ ಗಟ್ಟಿಯಾಗಿಯೇ ಹೇಳಿದರು.

ಬಾಗಲಕೋಟೆ ಕಡೆಯ ನಮ್ಮ ಓಣಿಯಲ್ಲಿ ಒಬ್ಬ ಲಾರಿ ಡ್ರೈವರ್ ಕಾಕಾ ಇದ್ದರು. ಅವರು ತೀರಿಕೊಂಡಾಗ "ಯಾರರ ಕೇಳಿದ್ರ ಟಿಬಿ ಅನ್ನು" ಅಂತ ಅವ್ವ ಹೇಳಿಕೊಟ್ಟಿದ್ದಳು. ಹಾಸಿಗೆ, ಅಂಗಿ, ಧೋತರ ಎಲ್ಲಾ ಹೊಲದ ಬದುವಿನಲ್ಲಿ ಸುಟ್ಟರು. ಮುಟ್ಟಿದರೆ, ಬಟ್ಟೆ ಹಂಚಿಕೊಂಡರೆ ಎಚ್‌ಐವಿ ಬರುವುದಿಲ್ಲ ಅಂತ ಹೇಳುವವರು ಯಾರೂ ಇರಲಿಲ್ಲ. ಅವರ ಹೆಸರೂ ಓಣಿಯಲ್ಲಿ ನಿಂತುಹೋಯಿತು. ಇಲ್ಲಿ ಅದೇ ರೋಗದವರ ಬಟ್ಟೆಯನ್ನು ಮಕ್ಕಳು ಬಗ್ಗಿ ಮುಟ್ಟಿ ನೋಡುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಹೊಸ ತುಂಡುಗಳನ್ನು ಕ್ವಿಲ್ಟ್ ನೋಡಿಕೊಳ್ಳುವವರು ಈಗಲೂ ತೆಗೆದುಕೊಳ್ಳುತ್ತಾರೆ. ರಾತ್ರಿ ಅವ್ವನಿಗೆ ಫೋನ್ ಮಾಡಿ, ಕಾಕಾನದು ಏನಾದರೂ ಉಳಿದಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಟಾವೆಲ್ ಕಾಕೂ ಹತ್ರ ಇರಬೇಕು, ಕೇಳ್ತೀನಿ" ಅಂದಳು. ಕಾಕೂ ಒಪ್ಪಿದರೆ ಮಾತ್ರ ಹೊಲಿಯುತ್ತೇನೆ. ಪೂರ್ತಿ ಹೆಸರು ಹಾಕಬೇಕೋ, ಬರೀ ಮೊದಲಕ್ಷರ ಸಾಕೋ, ಅದನ್ನು ಅವರೇ ಹೇಳಲಿ.