ಕೆರೆ ಏರಿಯ ವೀರಗಲ್ಲು: ಸವೆದ ಅಕ್ಷರಗಳು ಕಾಣತೊಡಗಿವೆ

ನಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲಿನದು, ಫೋಟೊಗಳಿಂದ ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ತ್ರೀಡಿ ಮಾದರಿ ಈ ವಾರ ಒಂದು ಹದಕ್ಕೆ ಬಂತು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಇಷ್ಟು ಬರಿಗಣ್ಣಿಗೇ ಕಾಣುತ್ತದೆ. ನನಗೆ ಬೇಕಿರುವುದು ಇವುಗಳ ನಡುವಿನ ಪಟ್ಟಿಯ ಬರಹ. ಮಧ್ಯಾಹ್ನದ ಬಿಸಿಲಲ್ಲಿ ನೋಡಿದರೆ ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ, ಅಷ್ಟು ಸವೆದಿದೆ.

ಫೋಟೊಗಳನ್ನು ಮೋಡ ಕವಿದ ಬೆಳಗ್ಗೆ ತೆಗೆದೆ. ಬಿಸಿಲಿದ್ದರೆ ನೆರಳು ಸರಿಯುತ್ತಾ ಹೋಗುತ್ತದೆ, ಸಾಫ್ಟ್‌ವೇರ್ ನೆರಳಿನ ಅಂಚನ್ನೇ ಕಲ್ಲಿನ ಗುರುತು ಅಂದುಕೊಳ್ಳುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಒಂದು ಫೋಟೊದಲ್ಲಿ ಕಂಡದ್ದರ ಮುಕ್ಕಾಲು ಪಾಲು ಮುಂದಿನದರಲ್ಲೂ ಇರಬೇಕು, ಹಾಗೆ ಸ್ವಲ್ಪ ಸ್ವಲ್ಪವೇ ಸರಿದು ತೆಗೆದೆ. ನನ್ನ ಫೋನಿನ ಫೋಟೊ ಅಡ್ಡಕ್ಕೆ 4000 ಪಿಕ್ಸೆಲ್. ಅದರಲ್ಲಿ 80 ಸೆಂ.ಮೀ. ಅಗಲದ ಕಲ್ಲು ತುಂಬಿದರೆ ಒಂದು ಪಿಕ್ಸೆಲ್‌ಗೆ 0.2 ಮಿ.ಮೀ. ಅಕ್ಷರದ ಆಳವೇ ಒಂದೆರಡು ಮಿ.ಮೀ., ಇದಕ್ಕಿಂತ ದೂರ ನಿಂತರೆ ಪ್ರಯೋಜನವಿಲ್ಲ.

ಲೆಕ್ಕವೆಲ್ಲ ಕೋಲ್‌ಮ್ಯಾಪ್ ಅನ್ನುವ, ಫೋಟೊಗಳಿಂದ ಮಾದರಿ ಕಟ್ಟುವ ಸಾಫ್ಟ್‌ವೇರ್‌ನದು. ಒಂದೇ ಚುಕ್ಕೆಯನ್ನು ಬೇರೆ ಬೇರೆ ಫೋಟೊಗಳಲ್ಲಿ ಗುರುತಿಸಿ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು, ಆ ಚುಕ್ಕೆ ಎಷ್ಟು ದೂರದಲ್ಲಿದೆ ಎಂದು ಅದು ಕಂಡುಹಿಡಿಯುತ್ತದೆ. ಕಲ್ಲಿನ ಮೇಲೆ ಬೆಳೆದ ಕಲ್ಲುಹೂವು ಇಲ್ಲಿ ದೊಡ್ಡ ಉಪಕಾರಿ. ಅದರ ಬಿಳಿ, ಹಸಿರು ಕಲೆ ಒಂದರಂತೆ ಒಂದಿಲ್ಲ, ಅದಕ್ಕೇ ಜೋಡಿ ಸುಲಭವಾಗಿ ಸಿಗುತ್ತದೆ. ನುಣ್ಣಗೆ ಹೊಳೆಯುವ ಕರಿಕಲ್ಲಾದರೆ ಕಷ್ಟ ಜಾಸ್ತಿ.

ಚಪ್ಪಟೆ ಕಲ್ಲಿಗೆ ಇನ್ನೊಂದು ಎಚ್ಚರ ಬೇಕು. ನೇರ ಎದುರಿನಿಂದ ತೆಗೆದ ಫೋಟೊಗಳಷ್ಟೇ ಇದ್ದರೆ ಲೆನ್ಸಿನ ವಕ್ರತೆಯ ಲೆಕ್ಕ ತಪ್ಪಿ ಮಾದರಿ ನಡುವೆ ಉಬ್ಬುತ್ತದೆ. ಎಡ, ಬಲ, ಮೇಲಿನಿಂದ ಓರೆಯಾಗಿ ತೆಗೆದ ಕೆಲವನ್ನು ಸೇರಿಸಿದರೆ ಇದು ತುಂಬ ಕಮ್ಮಿಯಾಗುತ್ತದೆ.

ನಿಜವಾದ ಖುಷಿ ಸಿಕ್ಕಿದ್ದು ಮಾದರಿಯ ಬಣ್ಣ ತೆಗೆದ ಮೇಲೆ. ಕಲ್ಲುಹೂವಿನ ಕಲೆಗಳೆಲ್ಲ ಹೋಗಿ ಬರೀ ಬೂದು ಮೈ ಉಳಿಯಿತು. ತ್ರೀಡಿ ಮಾದರಿಯನ್ನು ತಿರುಗಿಸಿ ನೋಡುವ ಮೆಶ್‌ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ಬೆಳಕನ್ನು ಎಡದಿಂದ ಕಲ್ಲಿನ ಮೈ ಸವರುವಂತೆ ಬಿಟ್ಟೆ. ಮೊದಲ ಸಾಲಿನಲ್ಲಿ ‘ಸ್ವಸ್ತಿ’ ಎದ್ದು ಬಂತು. ಎರಡನೆಯದರಲ್ಲಿ, ಒಡಕಿನ ಪಕ್ಕ, ‘ತುಱು’ ಅನ್ನುವ ಎರಡು ಅಕ್ಷರ, ಹಳಗನ್ನಡದಲ್ಲಿ ದನ ಎಂದರ್ಥ. ಕೆಳಗಿನ ಮೂಲೆಯಲ್ಲಿ ಹಸುಗಳ ಸಾಲೂ ಇದೆ. ದನ ಬಿಡಿಸಿಕೊಳ್ಳಲು ಹೋರಾಡಿ ಸತ್ತವನ ಕಲ್ಲೇ ಇರಬೇಕು, ಅಲ್ವಾ?

ಫೋಟೊಗಳಿಂದಷ್ಟೇ ಕಟ್ಟಿದ ಮಾದರಿಗೆ ಅಳತೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟೇ ಫೋಟೊ ತೆಗೆದಿದ್ದೇನೆ, ಅದನ್ನು ಈಗ ಕೂಡಿಸಬೇಕು. ಕೊನೆಯ ಸಾಲು ಅರ್ಧ ಮಣ್ಣಿನೊಳಗಿದೆ. ಅದನ್ನು ಸುಮ್ನೆ ನಾವೇ ಅಗೆಯುವಂತಿಲ್ಲ. ಮೇಲಿನ ಸಾಲುಗಳ ಚಿತ್ರವನ್ನು ಹಳಗನ್ನಡ ಶಾಸನ ಓದಬಲ್ಲ ಮೇಷ್ಟ್ರೊಬ್ಬರಿಗೆ ಈ ಭಾನುವಾರ ತೋರಿಸುತ್ತೇನೆ.