ಅಮ್ಮನ ತೂಕದ ಜೊತೆ ಇಳಿದುಹೋದದ್ದು

ಮಧುಮೇಹ ಪತ್ತೆಯಾದ ಮೇಲೆ ಅರವತ್ತೇಳು ವರ್ಷದ ನನ್ನಮ್ಮ 68 ಕೆ.ಜಿ.ಯಿಂದ 59 ಕೆ.ಜಿ.ಗೆ ಇಳಿದಾಗ ನೆಂಟರಿಷ್ಟರೆಲ್ಲ ಮೆಚ್ಚಿಕೊಂಡರು. ರಾತ್ರಿ ಊಟದ ಬದಲು ಒಂದು ಬಟ್ಟಲು ಪರಂಗಿ ಹಣ್ಣು, ಬೆಳಿಗ್ಗೆ ಸಂಜೆ ಪಾರ್ಕಿನಲ್ಲಿ ನಡಿಗೆ. ಇದನ್ನು ಅವಳು ಎಂಥ ನೇಮದಿಂದ ಪಾಲಿಸಿದಳೆಂದರೆ ಯುಗಾದಿಯ ದಿನವೂ ಹೋಳಿಗೆ ಮುಟ್ಟಲಿಲ್ಲ. ಸಕ್ಕರೆಯ ಮಟ್ಟವೂ ಇಳಿಯಿತು. ಆದರೆ ನೆಲದ ಮೇಲೆ ಕುಳಿತವಳು ಗೋಡೆ ಹಿಡಿಯದೆ ಏಳಲಾಗದೆ ಹೋದದ್ದನ್ನೂ, ಅನ್ನದ ಕುಕ್ಕರನ್ನು ಒಲೆಯಿಂದ ಇಳಿಸಲು ಮನೆಯವರನ್ನು ಕರೆಯತೊಡಗಿದ್ದನ್ನೂ ಎಲ್ಲರೂ ವಯಸ್ಸಿನ ಖಾತೆಗೆ ಬರೆದುಬಿಟ್ಟರು.

ಮಂಡಿ ನೋವಿಗೆಂದು ತುಮಕೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಅವಳನ್ನು ಕರೆದುಕೊಂಡು ಹೋದ ದಿನ ಈ ಲೆಕ್ಕ ಬದಲಾಯಿತು. ಅಲ್ಲಿದ್ದ ಯುವ ವೈದ್ಯೆ ಮಂಡಿಯನ್ನು ಒತ್ತಿ, ಮಡಿಸಿ ನೋಡಿದ ಮೇಲೆ ಕೈಯಿಲ್ಲದ ಒಂದು ಕುರ್ಚಿಯನ್ನು ಗೋಡೆಗೆ ಒರಗಿಸಿ ಇಟ್ಟರು. ತೋಳುಗಳನ್ನು ಎದೆಯ ಮೇಲೆ ಅಡ್ಡಲಾಗಿ ಇರಿಸಿಕೊಂಡು ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿಯಾಗಿ ಎದ್ದು ಕೂರಲು ಸಾಧ್ಯ ಎಂಬುದೇ ಪರೀಕ್ಷೆ. ಮೊದಲ ಎರಡು ಬಾರಿ ಅಮ್ಮ ಸಲೀಸಾಗಿ ಎದ್ದಳು. ಮೂರನೆಯದಕ್ಕೆ ಮೈಯನ್ನು ಮುಂದಕ್ಕೆ ತೂರಿಕೊಳ್ಳಬೇಕಾಯಿತು, ಐದನೆಯದಕ್ಕೆ ತೊಡೆಗಳು ನಡುಗುವುದು ಸೀರೆಯ ನೆರಿಗೆಯಲ್ಲಿಯೇ ಕಾಣುತ್ತಿತ್ತು, ಏಳನೆಯದಕ್ಕೆ ಬಲಗೈ ತಾನಾಗಿಯೇ ಬಿಚ್ಚಿಕೊಂಡು ಕುರ್ಚಿಯ ಅಂಚನ್ನು ಹುಡುಕಿತು. ಅಲ್ಲಿಗೆ ವೈದ್ಯೆ ನಿಲ್ಲಿಸಿದರು. 65ರಿಂದ 69ರ ವಯಸ್ಸಿನ ಹೆಂಗಸರು ಈ ಪರೀಕ್ಷೆಯಲ್ಲಿ 11ಕ್ಕಿಂತ ಕಡಿಮೆ ಬಾರಿ ಎದ್ದರೆ ಅದು ಸರಾಸರಿಗಿಂತ ಕೆಳಗೆ, ಬೀಳುವ ಅಪಾಯ ಹೆಚ್ಚೆಂಬುದರ ಸೂಚನೆ. ಬಳಿಕ ಮುಷ್ಟಿಯ ಬಲವನ್ನು ಅಳೆಯುವ ಸಾಧನವನ್ನು ಅಮ್ಮನ ಕೈಗೆ ಕೊಟ್ಟು ಹಿಂಡಿಸಿದಾಗ ಮುಳ್ಳು 14 ಕೆ.ಜಿ.ಯಲ್ಲಿ ನಿಂತಿತು. ಏಷ್ಯಾದ ಮಹಿಳೆಯರಿಗೆ 18 ಕೆ.ಜಿ.ಗಿಂತ ಕಡಿಮೆಯಾದರೆ ಸ್ನಾಯುಬಲ ಕುಂದಿದೆ ಎಂದೇ ತಜ್ಞರು ಎಣಿಸುತ್ತಾರೆ.

“ಅಮ್ಮಾ, ಒಂಬತ್ತು ಕೆ.ಜಿ. ಇಳಿಸಿದ್ದೀರಿ, ಅದರಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಅಂತ ಯಾರಾದರೂ ನೋಡಿದ್ದಾರಾ?” ಎಂದು ಅವರು ಕೇಳಿದರು. ಅಮ್ಮನಿಗೆ ಆ ಪ್ರಶ್ನೆಯೇ ಹೊಸದು. “ಇನ್ನೂ ಆರು ಕೆ.ಜಿ. ಇಳಿಸಬೇಕು ಅಂತಿದ್ದೀನಲ್ಲಮ್ಮ” ಎಂದಳು. ಎತ್ತರಕ್ಕೆ ತಕ್ಕ ತೂಕವೇ ಎಂದು ತೋರಿಸುವ ಸೂಚ್ಯಂಕವಾದ ಬಿ.ಎಂ.ಐ. ಅವಳಿಗೆ 23ರ ಒಳಗೆ ಬರಲು 53 ಕೆ.ಜಿ. ಆಗಬೇಕೆಂದು ಯಾರೋ ಲೆಕ್ಕ ಹಾಕಿ ಕೊಟ್ಟಿದ್ದರು. ಲೆಕ್ಕವೇನೂ ತಪ್ಪಲ್ಲ, ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂಬ ಮಾನದಂಡ ಇದ್ದೇ ಇದೆ. ಆದರೆ ಬರೀ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವೇ ಆಗಿರಬಹುದು, ಮೊದಲೇ ಸ್ನಾಯು ಸವೆಯುತ್ತಿರುವ ವಯಸ್ಸಿನಲ್ಲಿ ಆ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ ಎಂದು ವೈದ್ಯೆ ವಿವರಿಸಿದರು. ಇನ್ಸುಲಿನ್ ಪ್ರಭಾವದಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುಗಳೇ ಆದ್ದರಿಂದ, ಮಧುಮೇಹ ಇರುವವರು ಸ್ನಾಯು ಕಳೆದುಕೊಳ್ಳುವುದೆಂದರೆ ಔಷಧದ ಕೆಲಸಕ್ಕೇ ಅಡ್ಡಿ ತಂದುಕೊಂಡಂತೆ.

ಆ ದಿನವೇ ಅಮ್ಮನ ಊಟದ ಲೆಕ್ಕವನ್ನೂ ಅವರು ಬರೆಸಿಕೊಂಡರು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅರ್ಧ ಮುದ್ದೆ, ತಿಳಿಸಾರು, ಒಂದು ಲೋಟ ಮಜ್ಜಿಗೆ, ರಾತ್ರಿ ಹಣ್ಣು. ಇದರಲ್ಲಿ ಪ್ರೋಟೀನ್ 30 ಗ್ರಾಂ ಕೂಡ ಸಿಗುವುದಿಲ್ಲ. ವಯಸ್ಸಾದವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುವಾಗ ಅಮ್ಮನಿಗೆ ಆ 30 ಗ್ರಾಂನ ಎರಡರಷ್ಟು ಅಗತ್ಯವಿತ್ತು. ಮೂತ್ರಪಿಂಡದ ರಿಪೋರ್ಟ್ ಸರಿಯಾಗಿದೆ ಎಂದು ಖಚಿತಪಡಿಸಿಕೊಂಡ ಬಳಿಕವೇ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ತಿಳಿಸಾರಿನ ಬದಲು ಮೊಳಕೆ ಹುರುಳಿ ಕಾಳಿನ ಗಟ್ಟಿ ಸಾರು, ರಾತ್ರಿ ಹೆಸರುಕಾಳಿನ ಉಸಲಿ ಮತ್ತು ಮೊಸರು ಸೇರಿದವು. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನಮ್ಮ ಸೀಮೆಯ ಹೊಲದಲ್ಲಿಯೇ ಬೆಳೆಯುವ ಈ ಕಾಳನ್ನು ‘ಉಷ್ಣ’ ಎಂದು ವರ್ಷಗಟ್ಟಲೆ ದೂರ ಇಟ್ಟಿದ್ದೆವು.

ವ್ಯಾಯಾಮಗಳು ಸರಳವಾಗಿದ್ದವು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎದೆಯ ಕಡೆಗೆ ಎಳೆಯುವುದು. ಉಸಿರು ಬಿಗಿಹಿಡಿಯಬಾರದು, ಎರಡು ಸರದಿಗಳ ನಡುವೆ ಒಂದು ದಿನ ಬಿಡುವಿರಬೇಕು, ಸುಲಭವೆನಿಸಿದ ಕೂಡಲೇ ಭಾರ ಹೆಚ್ಚಿಸಬೇಕು. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರಿತು. ಅರವತ್ತು ದಾಟಿದ ಹೆಂಗಸರಿಗೆ ನಾವೆಲ್ಲ ಪ್ರೀತಿಯಿಂದ ಕೊಡುವ ಸಲಹೆ “ಭಾರ ಎತ್ತಬೇಡಿ” ಎಂಬುದೊಂದೇ. ಅವರನ್ನು ಬಲಹೀನರಾಗಿಸುವುದರಲ್ಲಿ ಆ ಸಲಹೆಯ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ. ನಡಿಗೆ ಹೃದಯಕ್ಕೆ ಬೇಕೇ ಬೇಕು, ಆದರೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವೃದ್ಧರನ್ನೂ ಸೇರಿಸಿಯೇ. 1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲುಗಳ ಭಾರ ತರಬೇತಿ ಕೊಟ್ಟಾಗ ಅವರ ಬಲ ಸರಾಸರಿ 174 ಪ್ರತಿಶತ ಏರಿತ್ತು. ತೊಂಬತ್ತರಲ್ಲಿ ಆಗುವುದು ಅರವತ್ತೇಳರಲ್ಲಿ ಆಗದೆ ಇರುತ್ತದೆಯೇ?

ಈಗ ಅಮ್ಮನ ತೂಕ 60 ಕೆ.ಜಿ. ಒಂದು ಕೆ.ಜಿ. ಏರಿತೆಂದು ಮೊದಲು ಮುಖ ಬಾಡಿಸಿಕೊಂಡವಳಿಗೆ, ಟೇಪು ಸುತ್ತಿ ಅಳೆದಾಗ ಸೊಂಟದ ಸುತ್ತಳತೆ 91ರಿಂದ 87 ಸೆಂ.ಮೀ.ಗೆ ಇಳಿದಿರುವುದನ್ನು ತೋರಿಸಿದ ಮೇಲೆ ಸಮಾಧಾನವಾಯಿತು. ಭಾರತೀಯ ಮಹಿಳೆಯರಿಗೆ ಮಿತಿಯೆನಿಸಿದ 80 ಸೆಂ.ಮೀ.ಗೆ ಬರುವ ದಾರಿ ಇನ್ನೂ ಉದ್ದವಿದೆ. ಕುರ್ಚಿಯ ಪರೀಕ್ಷೆಯಲ್ಲಿ ಹನ್ನೆರಡು ಬಾರಿ ಏಳುತ್ತಾಳೆ. ಎರಡು ಕೆ.ಜಿ.ಯ ಡಂಬೆಲ್ಲುಗಳು ಹಗುರವಾದವೆಂದು ಅವಳೇ ಹೇಳಿದ್ದರಿಂದ ಮೂರು ಕೆ.ಜಿ.ಯ ಜೋಡಿಯನ್ನು ತಂದಿಟ್ಟಿದ್ದೇನೆ, ಕುಕ್ಕರನ್ನು ಅವಳೇ ಇಳಿಸುತ್ತಿದ್ದಾಳೆ.