ಮಗನ ವಯಸ್ಸಿನ ಅಧಿಕಾರಿಗೆ ಸೆಲ್ಯೂಟ್ ಹೊಡೆಯಲು ಕಷ್ಟವಾಗಲಿಲ್ಲವೇ?

ಸೇನೆಯಲ್ಲಿ 28 ವರ್ಷ ಕಳೆದು ಸುಬೇದಾರನಾಗಿ ನಿವೃತ್ತನಾಗಿ ಊರಿಗೆ ಮರಳಿದಂದಿನಿಂದ ಮದುವೆಯ ಪಂಕ್ತಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಹೊಲದ ಬದುವಿನ ಮೇಲೆ ನನಗೆ ಎದುರಾಗುವ ಪ್ರಶ್ನೆ ಒಂದೇ. ಅಕಾಡೆಮಿಯಿಂದ ಆಗಷ್ಟೇ ಹೊರಬಂದ, ಇಪ್ಪತ್ತೆರಡು ವರ್ಷದ ಲೆಫ್ಟಿನೆಂಟನಿಗೆ ನಲವತ್ತು ದಾಟಿದ ನೀವು ಸೆಲ್ಯೂಟ್ ಹೊಡೆಯಬೇಕಾಗಿತ್ತಲ್ಲ, ಮನಸ್ಸಿಗೆ ಕಷ್ಟವಾಗಲಿಲ್ಲವೇ? ಇಲ್ಲ ಎಂದರೆ ಯಾರೂ ನಂಬುವುದಿಲ್ಲವಾದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಸೆಲ್ಯೂಟ್ ಸಲ್ಲುವುದು ಆ ಹುಡುಗನಿಗಲ್ಲ, ರಾಷ್ಟ್ರಪತಿಗಳು ಅವನಿಗೆ ನೀಡಿರುವ ಕಮಿಷನ್ನಿಗೆ, ಅಂದರೆ ಅಧಿಕಾರಪತ್ರಕ್ಕೆ. ಇದನ್ನು ನಾನು ರಂಗರೂಟನಾಗಿ, ಅಂದರೆ ಹೊಸದಾಗಿ ಸೇರಿ ತರಬೇತಿಯಲ್ಲಿದ್ದಾಗಲೇ ನಮ್ಮ ಉಸ್ತಾದರು (ತರಬೇತುದಾರರು) ಹೇಳಿಕೊಟ್ಟಿದ್ದರು. ಅದು ಸಮವಸ್ತ್ರಕ್ಕೆ ಸಂಬಂಧಿಸಿದ ಮರ್ಯಾದೆ ಎಂಬುದಕ್ಕೆ ಸಾಕ್ಷಿಯೂ ನಿಯಮದಲ್ಲೇ ಇದೆ: ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ನಮ್ಮಲ್ಲಿ ಕೈ ಎತ್ತುವುದಿಲ್ಲ, ಸಾವಧಾನ್ ಸ್ಥಿತಿಯಲ್ಲಿ ನೆಟ್ಟಗೆ ನಿಂತು ಬಾಯಿಯಿಂದ ‘ಜೈ ಹಿಂದ್’ ಎನ್ನುತ್ತೇವೆ, ಅಷ್ಟೇ. ಊರಿನವರು ಗಮನಿಸದೆ ಬಿಡುವ ಇನ್ನೊಂದು ಸಂಗತಿ ಏನೆಂದರೆ, ಸೆಲ್ಯೂಟ್ ಪಡೆದವನು ಅದನ್ನು ಹಿಂದಿರುಗಿಸಲೇಬೇಕು. ಅದು ಅವನ ಔದಾರ್ಯವಲ್ಲ, ಕರ್ತವ್ಯ.

ಆದರೆ ನನ್ನ ನಿಜವಾದ ಉತ್ತರ ಸೆಲ್ಯೂಟಿನಲ್ಲಿಲ್ಲ, ‘ಸಾಬ್’ ಎಂಬ ಪದದಲ್ಲಿದೆ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂರು ದರ್ಜೆಯವರನ್ನು ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಎನ್ನುತ್ತಾರೆ. ನನ್ನಂಥ ಸುಬೇದಾರನ ಹೆಗಲ ಮೇಲೂ ನಕ್ಷತ್ರಗಳಿರುತ್ತವೆ. ಅವುಗಳ ಜೊತೆಗಿರುವ ಪಟ್ಟಿಯನ್ನು ನೋಡಿ ಅಧಿಕಾರಿಯಲ್ಲ, ಜೆಸಿಒ ಎಂದು ಗುರುತಿಸಬೇಕು. ಬ್ರಿಟಿಷರ ಕಾಲದಲ್ಲಿ ಈ ದರ್ಜೆಗಳಲ್ಲಿದ್ದವರು ವೈಸರಾಯ್ ಕಮಿಷನ್ ಪಡೆದ ಅಧಿಕಾರಿಗಳು. ಬಿಳಿಯ ಅಧಿಕಾರಿಗೂ ಭಾರತೀಯ ಸಿಪಾಯಿಗೂ ನಡುವೆ ನಿಂತು ಎರಡೂ ಕಡೆಯವರ ಮನಸ್ಸನ್ನು ಅರಿತು ನಡೆಯಬೇಕಾಗಿದ್ದ ಅವರನ್ನು ಆ ಬಿಳಿಯ ಅಧಿಕಾರಿಯೂ ‘ಸಾಹಿಬ್’ ಎಂದೇ ಕರೆಯುತ್ತಿದ್ದ. ಆ ರೂಢಿ ಇಂದಿಗೂ ಅಳಿದಿಲ್ಲ. ಲೆಫ್ಟಿನೆಂಟನಿಂದ ಹಿಡಿದು ದಳದ ಕಮಾಂಡಿಂಗ್ ಆಫೀಸರ್ ವರೆಗೆ ಯಾರೇ ಆಗಲಿ, ನನ್ನನ್ನು ಬರಿಯ ಹೆಸರಿನಿಂದ ಕರೆಯಲಿಲ್ಲ. ಹಿಂದಿಯಲ್ಲಿ ‘ತುಮ್’ ಎನ್ನಲಿಲ್ಲ, ‘ಆಪ್’ ಎಂದರು. ಕೈ ಎತ್ತಿದವನು ನಾನು, ಬಹುವಚನ ಕೊಟ್ಟವರು ಅವರು. ಹೊಸ ಅಧಿಕಾರಿ ದಳಕ್ಕೆ ಬಂದಾಗ ಕೆಲವು ವಾರ ಜವಾನರ ಬ್ಯಾರಕ್ಕಿನಲ್ಲೇ ಮಲಗಿ, ಅವರ ಲಂಗರಿನಲ್ಲೇ (ಅಡುಗೆಮನೆಯಲ್ಲೇ) ಉಂಡು, ಅವರ ಜೊತೆಗೇ ಓಡಬೇಕೆಂಬ ಪದ್ಧತಿ ಇದೆ. ಆ ದಿನಗಳಲ್ಲಿ ರಾತ್ರಿ ಹೊತ್ತು ನನ್ನ ಪಕ್ಕ ಕುಳಿತು, “ಸಾಬ್, ಇದನ್ನು ಹೇಗೆ ಮಾಡುವುದು, ಸ್ವಲ್ಪ ಹೇಳಿಕೊಡಿ” ಎಂದು ಕೇಳಿದ ಹುಡುಗನಿಗೆ ಬೆಳಿಗ್ಗೆ ಸೆಲ್ಯೂಟ್ ಹೊಡೆಯುವಾಗ ನನಗೆ ಕಷ್ಟವಾಗಬೇಕಾದರೂ ಏಕೆ?

ಈ ‘ಸಾಬ್’ ನಮ್ಮ ಮನೆಯಲ್ಲಿ ಒಂದು ಗೊಂದಲವನ್ನೂ ಎಬ್ಬಿಸಿತ್ತು. ನಮ್ಮ ಕಡೆ ಸಾಬರು ಎಂದರೆ ಮುಸಲ್ಮಾನರು. ರಜೆಯಲ್ಲಿದ್ದಾಗ ನಾನು ಫೋನಿನಲ್ಲಿ ಸುಬೇದಾರ್ ಮೇಜರರಿಗೆ “ರಾಮ್ ರಾಮ್ ಸಾಬ್” ಎಂದದ್ದನ್ನು ಕೇಳಿಸಿಕೊಂಡ ನಮ್ಮ ಅವ್ವ, “ಯಾವ ಸಾಬರಪಾ ಅವರು, ರಾಮ್ ರಾಮ್ ಅನಿಸಿಕೊಳ್ಳೋರು?” ಎಂದು ಬೆರಗಾಗಿ ಕೇಳಿದ್ದಳು.

ಅವಳ ಬೆರಗಿನಲ್ಲಿ ಅರ್ಥವಿತ್ತು, ಏಕೆಂದರೆ ಸೇನೆಯ ವಂದನೆಗಳು ಒಂದೊಂದು ರೆಜಿಮೆಂಟಿನಲ್ಲಿ ಒಂದೊಂದು ಬಗೆ. ಸಿಖ್ಖರ ದಳದಲ್ಲಿ ‘ಸತ್ ಶ್ರೀ ಅಕಾಲ್’, ಗಢವಾಲಿಗಳಲ್ಲಿ ‘ಜೈ ಬದ್ರಿ ವಿಶಾಲ್’, ಅಸ್ಸಾಂ ರೆಜಿಮೆಂಟಿನಲ್ಲಿ ಗಟ್ಟಿಯಾಗಿರು ಎಂಬ ಅರ್ಥದ ‘ತಗ್ಡಾ ರಹೋ’. ಇಲ್ಲಿ ಮೇಲಿನವನು ಕೆಳಗಿನವರ ರೂಢಿಗೆ ಬಾಗುತ್ತಾನೆ. ಗಢವಾಲಿಗಳ ದಳಕ್ಕೆ ಹೋದ ಕನ್ನಡಿಗ ಅಧಿಕಾರಿ, ಅವನ ಮನೆದೇವರು ಯಾವುದೇ ಇರಲಿ, ಅವನ ಧರ್ಮ ಯಾವುದೇ ಇರಲಿ, ಜವಾನರ ಜೊತೆ ನಿಂತು ಬದರಿಯ ಹೆಸರನ್ನೇ ಹೇಳುತ್ತಾನೆ. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್‌ಗಳಲ್ಲಿ ಜವಾನನಿಗೆ ಪ್ರೀತಿಯ ಹೆಸರು ‘ತಂಬಿ’ (ತಮಿಳಿನಲ್ಲಿ ತಮ್ಮ). ಅವನು ಬಿಹಾರದವನಾದ ಅಧಿಕಾರಿಗೂ ತಂಬಿಯೇ. ಎಲ್ಲರಿಗೂ ಸಲ್ಲುವ ‘ಜೈ ಹಿಂದ್’ ಬಂದದ್ದು ನೇತಾಜಿಯವರ ಪಡೆಯಿಂದ, ಹಲವು ಧರ್ಮಗಳ ಸೈನಿಕರಿಗೆ ಒಂದೇ ವಂದನೆ ಬೇಕಾದಾಗ.

ಎಲ್ಲರೂ ಹೀಗೆಯೇ ನಡೆದುಕೊಂಡರು ಎಂದು ಬರೆದರೆ ಸುಳ್ಳಾದೀತು. ಒಬ್ಬ ಕಿರಿಯ ಅಧಿಕಾರಿ ಮೊಬೈಲ್ ನೋಡುತ್ತಲೇ ನಡೆದು, ಸೆಲ್ಯೂಟ್ ಹೊಡೆದವರಿಗೆ ಗಲ್ಲ ಅಲುಗಿಸಿ ಮುಂದೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ನಮ್ಮ ಸುಬೇದಾರ್ ಮೇಜರರು ಅವನ ದಾರಿಯಲ್ಲಿ ನಿಂತು ಸೆಲ್ಯೂಟ್ ಹೊಡೆದವರು ಕೈಯನ್ನು ಇಳಿಸಲೇ ಇಲ್ಲ. ಅವನು ನಾಲ್ಕು ಹೆಜ್ಜೆ ದಾಟಿ, ಏನೋ ಎಡವಟ್ಟಾಗಿದೆ ಎನಿಸಿ ತಿರುಗಿ ನೋಡಿದರೆ ಕೈ ಇನ್ನೂ ಹುಬ್ಬಿನ ಪಕ್ಕದಲ್ಲೇ ಇತ್ತು. ಮೊಬೈಲನ್ನು ಜೇಬಿಗೆ ಹಾಕಿ, ಹಿಂದೆ ಬಂದು, ನೆಟ್ಟಗೆ ನಿಂತು ಸೆಲ್ಯೂಟ್ ಹಿಂದಿರುಗಿಸಿ “ಸಾರಿ, ಸಾಬ್” ಎಂದ. ಸುಬೇದಾರ್ ಮೇಜರರು ಆಗ ಕೈ ಇಳಿಸಿ “ಜೈ ಹಿಂದ್, ಸರ್” ಎಂದರು. ಆ ವಿಷಯವನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ನೋಡಿದವರು ನಾವು ಮೂರು ಜನ.

ಈಗ ತಿಂಗಳಿಗೊಮ್ಮೆ ಬೆಳಗಾವಿಯ ಮಿಲಿಟರಿ ಕ್ಯಾಂಟೀನಿಗೆ ಹೋಗುತ್ತೇನೆ. ಕೈಚೀಲ ಹಿಡಿದು ಬರುವ ನಿವೃತ್ತ ಕರ್ನಲ್ ಒಬ್ಬರು ಅಲ್ಲಿ ಸಿಗುತ್ತಾರೆ. ಇಬ್ಬರ ತಲೆಯ ಮೇಲೂ ಟೋಪಿಯಿಲ್ಲ, ಮೈಮೇಲೆ ಸಮವಸ್ತ್ರವಿಲ್ಲ. ಕಿರಿಯ ದರ್ಜೆಯವನಾದ ನಾನೇ ಮೊದಲು ವಂದಿಸಬೇಕೆಂಬುದು ಹಳೆಯ ಲೆಕ್ಕ. ಆದರೆ ನನ್ನ ಕಣ್ಣು ಈಚೆಗೆ ಮಂಜಾಗಿದೆ. ನಾನು ಗುರುತು ಹಿಡಿಯುವಷ್ಟರಲ್ಲಿ ಸಾಲಿನ ಆ ತುದಿಯಿಂದ ಅವರದೇ “ರಾಮ್ ರಾಮ್, ಸಾಬ್” ಕೇಳಿಬಂದಿರುತ್ತದೆ.